ಆಟೋಕ್ಯಾಡ್ ಪ್ರಶ್ನೋತ್ತರ: ಎಡಿಟಿಂಗ್, ಅರೇ, ಅಲೈನ್

ಅಡ್ಮಿನ್: ಇವತ್ತು ಸಂಜೆ 6ರಿಂದ ಮೇಡಂ ಇಲ್ಲೇ ಉತ್ತರ ಕೊಡುತ್ತಾರೆ. ಸರ್ವೆ ಮತ್ತು ಲೇಔಟ್ ಡ್ರಾಯಿಂಗ್ ಅವರ ನಿತ್ಯದ ಕೆಲಸ. ಪ್ರಶ್ನೆ ಹಾಕುವಾಗ ವರ್ಷನ್ ಯಾವುದು, ಯೂನಿಟ್ ಯಾವುದು, ಕಮಾಂಡ್ ಲೈನ್‌ನಲ್ಲಿ ಏನು ಬಂತು ಅಂತ ಬರೆಯಿರಿ. ಮಾನಿಟರ್‌ನ ಫೋಟೊ ತೆಗೆದು ಹಾಕಿದರೆ ಏನೂ ಕಾಣಿಸಲ್ಲ.

ಡಿಪ್ಲೊಮಾ ವಿದ್ಯಾರ್ಥಿನಿ, ಧಾರವಾಡ: ನಮಸ್ಕಾರ ಮೇಡಮ್ರೀ. ಒಂದು ಲೈನ್ ಸೆಲೆಕ್ಟ್ ಮಾಡಿ ಎರಡನೇದು ಒತ್ತಿದ್ರ ಮೊದಲಿಂದು ಬಿಟ್ಟ ಹೋಗ್ತದ. ಶಿಫ್ಟ್ ಹಿಡಿದ್ರ ಅಷ್ಟ ಎರಡೂ ಉಳೀತಾವ. ಏನ್ ಮಾಡ್ಬೇಕ್ರಿ?

ಮೇಡಂ: ಪಿಕ್‌ಆಡ್ ಅಂತ ಟೈಪ್ ಮಾಡಿ 2 ಕೊಡಿ. ಈಗ ಅದು 0 ಆಗಿದೆ. 2 ಕೊಟ್ಟ ಮೇಲೆ ಶಿಫ್ಟ್ ಬೇಕಾಗುವುದು ಸೆಲೆಕ್ಷನ್‌ನಿಂದ ತೆಗೆಯಲು ಮಾತ್ರ.

ಡ್ರಾಫ್ಟ್ಸ್‌ಮನ್, ತುಮಕೂರು: ಆಫೀಸಲ್ಲಿ 2018ರಿಂದ 2023ಕ್ಕೆ ಬದಲಾಯಿಸಿದ್ದಾರೆ. ಟ್ರಿಮ್ ಕೊಟ್ಟರೆ ಕಟಿಂಗ್ ಎಡ್ಜ್ ಕೇಳುವುದೇ ಇಲ್ಲ, ಒಮ್ಮೊಮ್ಮೆ ಇಡೀ ಲೈನೇ ಮಾಯ.

ಮೇಡಂ: 2021ರಿಂದ ಟ್ರಿಮ್ ಕ್ವಿಕ್ ಮೋಡ್‌ನಲ್ಲಿ ಬರುತ್ತದೆ. ಎಲ್ಲ ಆಬ್ಜೆಕ್ಟ್‌ಗಳನ್ನೂ ಅದೇ ಅಂಚು ಅಂತ ಹಿಡಿದುಕೊಳ್ಳುತ್ತದೆ. ಯಾವುದಕ್ಕೂ ತಾಗದ ಗೆರೆಯನ್ನು ಮುಟ್ಟಿದರೆ ಪೂರ್ತಿ ಅಳಿಸಿಬಿಡುತ್ತದೆ. ಹಳೆಯ ರೀತಿ ಬೇಕಿದ್ದರೆ ಟ್ರಿಮ್‌ಎಕ್ಸ್‌ಟೆಂಡ್‌ಮೋಡ್ 0 ಮಾಡಿ.

ಸ್ಟ್ರಕ್ಚರಲ್ ಡ್ರಾಫ್ಟ್ಸ್‌ಮನ್, ಮೈಸೂರು: ಮೇಡಂ, ಕಾಲಂ ಗ್ರಿಡ್ ಅರೇಯಲ್ಲಿ ಹಾಕಿದ್ದೇನೆ. ಅಡ್ಡಕ್ಕೆ 6, ಉದ್ದಕ್ಕೆ 4. ಲಿಫ್ಟ್ ಪಿಟ್ ಹತ್ತಿರದ ಒಂದು ಕಾಲಂ ಮಾತ್ರ ಸರಿಸಬೇಕು. ಮುಟ್ಟಿದರೆ ಇಪ್ಪತ್ನಾಲ್ಕೂ ಒಟ್ಟಿಗೆ ಬರುತ್ತವೆ. ಎಕ್ಸ್‌ಪ್ಲೋಡ್ ಮಾಡಲಾ?

ಮೇಡಂ: ಬೇಡ. ಕಂಟ್ರೋಲ್ ಒತ್ತಿ ಹಿಡಿದು ಆ ಒಂದು ಕಾಲಂ ಮೇಲೆ ಕ್ಲಿಕ್ ಮಾಡಿ. ಅದೊಂದೇ ಸೆಲೆಕ್ಟ್ ಆಗುತ್ತದೆ, ಆಮೇಲೆ ಮೂವ್ ಅಥವಾ ರೊಟೇಟ್ ಕೊಡಿ. ಮನಸ್ಸು ಬದಲಾದರೆ ಅರೇಎಡಿಟ್‌ನಲ್ಲಿ ರಿಸೆಟ್ ಇದೆ.

ಇನ್ನೆರಡು ವಿಷಯ. ಅರೇಯಲ್ಲಿ ಕೊಡುವ ಅಂತರ ಒಂದು ಕಾಲಂನ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ. 300 ಅಗಲದ ಕಾಲಂಗಳ ನಡುವೆ ಖಾಲಿ ಜಾಗ 3300 ಬೇಕಿದ್ದರೆ 3600 ಕೊಡಬೇಕು. ಎರಡನೆಯದು, ಕಾಲಂ ಅನ್ನು ಮೊದಲು ಬ್ಲಾಕ್ ಮಾಡಿ ಆಮೇಲೆ ಅರೇಗೆ ಹಾಕಿ. ಹೊರಗೋಡೆ ಸಾಲಿನ ಕಾಲಂಗಳಿಗೆ ಬೇರೆ ಬ್ಲಾಕ್ ಮಾಡಿ, ಅದರ ಬೇಸ್ ಪಾಯಿಂಟ್ ಹೊರಮುಖದ ಅಂಚಿನಲ್ಲಿರಲಿ. ನಾಳೆ ಸ್ಟ್ರಕ್ಚರಲ್ ಇಂಜಿನಿಯರ್ 230x450 ಇದ್ದುದನ್ನು 300x600 ಮಾಡಿದರೆ ಬಿಎಡಿಟ್‌ನಲ್ಲಿ ಒಮ್ಮೆ ತಿದ್ದಿದರೆ ಸಾಕು, ಕಾಲಂ ಒಳಗಡೆಗೆ ಬೆಳೆಯುತ್ತದೆ. ಬೇಸ್ ಪಾಯಿಂಟ್ ಮಧ್ಯದಲ್ಲಿದ್ದರೆ ಎರಡೂ ಕಡೆಗೆ ಬೆಳೆದು ಸೆಟ್‌ಬ್ಯಾಕ್ ತಿನ್ನುತ್ತದೆ.

ಸೈಟ್ ಇಂಜಿನಿಯರ್, ಹಾಸನ: ಮೇಡಂ, ಸ್ವಲ್ಪ ಗಂಭೀರ ಸಮಸ್ಯೆ. 12 ಎಕರೆ ಲೇಔಟ್, ಇಳಿಜಾರಿನ ಜಾಗ. ಟೋಟಲ್ ಸ್ಟೇಷನ್ ಸರ್ವೆ, ಯುಟಿಎಂ (ನಕ್ಷೆಯ ಕೋಆರ್ಡಿನೇಟ್ ಪದ್ಧತಿ) ಝೋನ್ 43 ನಾರ್ತ್, ಯೂನಿಟ್ ಮೀಟರ್, ಕಾಂಟೂರ್ (ಸಮಾನ ಎತ್ತರದ ಗೆರೆ) 0.5 ಮೀಟರ್‌ಗೆ ಒಂದು. ರಸ್ತೆ ಅಂಚಿನ ಗೆರೆಗಳಿಗೆ ಫಿಲೆಟ್ (ಮೂಲೆ ದುಂಡಗೆ ಮಾಡುವುದು) ಆಗುತ್ತಿರಲಿಲ್ಲ, ಪೆಡಿಟ್‌ನಲ್ಲಿ ಜಾಯಿನ್ ಕೂಡ ಆಗುತ್ತಿರಲಿಲ್ಲ. ಒಂದು ಫಾರ್ವರ್ಡ್‌ನಲ್ಲಿ ಬಂದ ಹಾಗೆ ಮೂವ್, ಆಲ್, 0,0,1ಇ99 (1ರ ಮುಂದೆ 99 ಸೊನ್ನೆ), ಮತ್ತೆ ಮೂವ್, 0,0,-1ಇ99 ಕೊಟ್ಟೆವು. ಫಿಲೆಟ್ ಆಯಿತು. ಅದೇ ಫಾರ್ವರ್ಡ್‌ನಲ್ಲಿ "ಒರಿಜಿನ್‌ನಿಂದ ದೂರ ಇದ್ದರೆ ಡ್ರಾಯಿಂಗ್ ಹ್ಯಾಂಗ್ ಆಗುತ್ತದೆ" ಅಂತಲೂ ಇತ್ತು. ಹಾಗಾಗಿ ಎಲ್ಲವನ್ನೂ 0,0ಕ್ಕೆ ತಂದು, ಮುಖ್ಯ ರಸ್ತೆ ಅಡ್ಡಕ್ಕೆ ನೇರ ಕಾಣುವಂತೆ ರೊಟೇಟ್ ಕೂಡ ಮಾಡಿದೆವು. ಈಗ ಸಿವಿಲ್ 3ಡಿಯಲ್ಲಿ ಸರ್ಫೇಸ್ (ನೆಲದ 3ಡಿ ಮಾದರಿ) ಮಾಡಿದರೆ ಪೂರ್ತಿ ಚಪ್ಪಟೆ. ಕಟ್-ಫಿಲ್ (ಅಗೆಯುವ, ತುಂಬುವ ಮಣ್ಣಿನ) ಲೆಕ್ಕ ಕೊಡಬೇಕು. ನಡುವೆ ಹಲವು ಸಲ ಸೇವ್ ಆಗಿದೆ.

ಮೇಡಂ: ಮೊದಲು ಆ ಫೈಲ್ ಮುಚ್ಚಿ. ಇನ್ನೊಂದು ಸಲ ಸೇವ್ ಮಾಡಬೇಡಿ. ಅದೇ ಫೋಲ್ಡರ್‌ನಲ್ಲಿರುವ ಬಿಎಕೆ ಫೈಲನ್ನು ಬೇರೆ ಕಡೆಗೆ ಕಾಪಿ ಮಾಡಿ, ಆ ಕಾಪಿಯ ಹೆಸರಿನ ಕೊನೆಯನ್ನು ಡಿಡಬ್ಲ್ಯುಜಿ ಅಂತ ಬದಲಿಸಿ ತೆರೆದು ನೋಡಿ. ಬಿಎಕೆಯಲ್ಲಿ ಇರುವುದು ಕೊನೆಯ ಸೇವ್‌ಗೆ ಹಿಂದಿನ ಒಂದೇ ಸ್ಥಿತಿ. ಹಲವು ಸಲ ಸೇವ್ ಆಗಿದ್ದರೆ ಅದೂ ಚಪ್ಪಟೆಯೇ ಇರುತ್ತದೆ. ಟೆಂಪ್ ಫೋಲ್ಡರ್‌ನಲ್ಲಿ ಎಸ್‌ವಿ$ ಆಟೋಸೇವ್ ಉಳಿದಿದೆಯಾ ನೋಡಿ. ಇವೆಲ್ಲಕ್ಕಿಂತ ನಂಬಿಕಸ್ಥ ದಾರಿ ಅಂದರೆ ಸರ್ವೆಯವರು ಮೊದಲು ಕಳಿಸಿದ ಮೇಲ್. ಅದರ ಅಟ್ಯಾಚ್‌ಮೆಂಟ್ ಹಾಗೇ ಇರುತ್ತದೆ. ಪಾಯಿಂಟ್‌ಗಳ ಸಿಎಸ್‌ವಿಯನ್ನೂ ಇವತ್ತೇ ಕೇಳಿ.

ಏನಾಯಿತು ಅಂತ ಹೇಳುತ್ತೇನೆ, ಎಲ್ಲರೂ ಓದಿ. ಆಟೋಕ್ಯಾಡ್ ಒಂದು ಸಂಖ್ಯೆಯಲ್ಲಿ ಸುಮಾರು 15 ಅಂಕಿಗಳನ್ನಷ್ಟೇ ನಿಖರವಾಗಿ ಇಟ್ಟುಕೊಳ್ಳುತ್ತದೆ. 957.350 ಎತ್ತರಕ್ಕೆ 1ಇ99 ಕೂಡಿದರೆ 957.350 ಕೊಚ್ಚಿಹೋಗಿ 1ಇ99 ಮಾತ್ರ ಉಳಿಯುತ್ತದೆ. ಅದರಿಂದ 1ಇ99 ಕಳೆದರೆ ಸೊನ್ನೆ. ಕಾಂಟೂರ್, ಸ್ಪಾಟ್ ಲೆವೆಲ್, ಟಿಬಿಎಂ (ತಾತ್ಕಾಲಿಕ ಬೆಂಚ್ ಮಾರ್ಕ್), ಚರಂಡಿಯ ಇನ್ವರ್ಟ್, ಎಲ್ಲದರ ಝಡ್ (ಎತ್ತರ) ಹೀಗೇ ಹೋಗಿದೆ. ಲಾಕ್ ಅಥವಾ ಫ್ರೀಝ್ ಆಗಿದ್ದ ಲೇಯರ್‌ಗಳು ಮಾತ್ರ ಉಳಿದಿರುತ್ತವೆ, ಅದನ್ನೂ ಪರೀಕ್ಷಿಸಿ.

ನಿಮ್ಮ ಫಿಲೆಟ್ ಆಗದಿದ್ದಕ್ಕೆ ಕಾರಣ ತೀರಾ ಚಿಕ್ಕದು. ರಸ್ತೆ ಗೆರೆ ಎಳೆಯುವಾಗ ಸ್ನ್ಯಾಪ್ ಹೋಗಿ ಸ್ಪಾಟ್ ಲೆವೆಲ್ ಪಾಯಿಂಟ್‌ಗೆ ಕೂತಿದೆ. ಲೈನ್‌ನ ಒಂದು ತುದಿ ಝಡ್ 957.350, ಇನ್ನೊಂದು ತುದಿ 0. ಪ್ಲಾನ್‌ನಲ್ಲಿ 30 ಮೀಟರ್ ಕಾಣುವ ಗೆರೆಗೆ ಪ್ರಾಪರ್ಟೀಸ್‌ನಲ್ಲಿ ಉದ್ದ 957.82 ಅಂತ ಬರುತ್ತದೆ. ಅದನ್ನು ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಆ ಲೇಯರ್‌ನ ಲೈನ್‌ಗಳನ್ನು ಕ್ಯೂಸೆಲೆಕ್ಟ್‌ನಲ್ಲಿ ಆರಿಸಿ, ಪ್ರಾಪರ್ಟೀಸ್‌ನಲ್ಲಿ ಸ್ಟಾರ್ಟ್ ಝಡ್ 0, ಎಂಡ್ ಝಡ್ 0 ಕೊಟ್ಟರೆ ಮುಗಿಯಿತು. ಪಾಲಿಲೈನ್ ಆದರೆ ಎಲಿವೇಶನ್ 0. ಗೆರೆ ಎಳೆಯುವ ಮೊದಲೇ ಆಸ್ನ್ಯಾಪ್‌ಝಡ್ 1 ಮಾಡಿಕೊಂಡರೆ ಸ್ನ್ಯಾಪ್ ಎಲ್ಲಿಗೆ ಹೋದರೂ ಝಡ್ ಬರುವುದಿಲ್ಲ.

ಹಳೆಯ ಫೈಲನ್ನು ರಿಪೇರಿ ಮಾಡಲು ಕೂರಬೇಡಿ. ಸಿಎಸ್‌ವಿ ಸಿಕ್ಕರೆ ಹೊಸ ಫೈಲ್‌ನಲ್ಲಿ ಇಂಪೋರ್ಟ್ ಮಾಡಿ, ಸರ್ಫೇಸ್ ಅಲ್ಲಿಯೇ ಮಾಡಿ. ನಂತರ ನೀವು ಹಾಕಿದ ರಸ್ತೆ, ಸೈಟ್ ಗೆರೆಗಳನ್ನು ಮಾತ್ರ ಅದರ ಜಾಗಕ್ಕೆ ವಾಪಸ್ ತನ್ನಿ. ಅದಕ್ಕೆ ಅಲೈನ್ ಕಮಾಂಡ್. ಮೊದಲ ಸೋರ್ಸ್ ನಿಮ್ಮ ಫೈಲಿನ ಟಿಬಿಎಂ 1, ಅದರ ಡೆಸ್ಟಿನೇಶನ್ ಸರ್ವೆಯ ಈಸ್ಟಿಂಗ್,ನಾರ್ದಿಂಗ್ (ಪೂರ್ವಕ್ಕೆ, ಉತ್ತರಕ್ಕೆ ಅಳೆದ ದೂರ). ಎರಡನೆಯದು ಹಾಗೆಯೇ ಟಿಬಿಎಂ 2. ಮೂರನೆಯದಕ್ಕೆ ಎಂಟರ್. ಸ್ಕೇಲ್ ಮಾಡಲಾ ಅಂತ ಕೇಳುತ್ತದೆ, ನೋ ಕೊಡಿ. ನೋ ಕೊಟ್ಟ ಮೇಲೂ ಟಿಬಿಎಂ 2 ತನ್ನ ಜಾಗಕ್ಕೆ ಸರಿಯಾಗಿ ಕೂರಬೇಕು. ಕೂರದಿದ್ದರೆ ನಡುವೆ ಯಾರೋ ಸ್ಕೇಲ್ ಮಾಡಿದ್ದಾರೆ ಅಥವಾ ತಪ್ಪು ಪಾಯಿಂಟ್ ಹಿಡಿದಿದ್ದೀರಿ. ಡೈನಾಮಿಕ್ ಇನ್‌ಪುಟ್ ಆನ್ ಇದ್ದರೆ ಎರಡನೇ ಪಾಯಿಂಟ್‌ಗೆ ಟೈಪ್ ಮಾಡಿದ ಅಂಕಿಯನ್ನು ಹಿಂದಿನ ಪಾಯಿಂಟ್‌ನಿಂದ ದೂರ ಅಂತ ಓದಿಕೊಳ್ಳುತ್ತದೆ. ಆದ್ದರಿಂದ ಮುಂದೆ # ಹಾಕಿ ಟೈಪ್ ಮಾಡಿ, ಇಲ್ಲವೇ ಎಫ್12 ಒತ್ತಿ ಆಫ್ ಮಾಡಿ.

ಸಿಎಸ್‌ವಿ ಸಿಗದೇ ಹೋದರೆ ಮಾತ್ರ: ಸ್ಪಾಟ್ ಲೆವೆಲ್‌ನ ಅಂಕಿ ಟೆಕ್ಸ್ಟ್ ಆಗಿಯೋ ಅಟ್ರಿಬ್ಯೂಟ್ ಆಗಿಯೋ ಇನ್ನೂ ಇದೆ. ಡೇಟಾಎಕ್ಸ್‌ಟ್ರ್ಯಾಕ್ಷನ್‌ನಲ್ಲಿ ಪೊಸಿಶನ್ ಎಕ್ಸ್, ಪೊಸಿಶನ್ ವೈ ಮತ್ತು ಆ ಅಂಕಿ ತೆಗೆದರೆ ಅದೇ ನಿಮ್ಮ ಪಾಯಿಂಟ್ ಫೈಲ್. ಬ್ಲಾಕ್ ಆದರೆ ಸರಿ. ಬಿಡಿ ಟೆಕ್ಸ್ಟ್ ಆದರೆ ಅದರ ಇನ್ಸರ್ಶನ್ ಪಾಯಿಂಟ್ ನಿಜವಾದ ಬಿಂದುವಿನಿಂದ ಪಕ್ಕಕ್ಕೆ ಸರಿದಿರುತ್ತದೆ, ಇಳಿಜಾರಿನಲ್ಲಿ ಅಷ್ಟು ಸರಿದರೂ ಲೆವೆಲ್ ತಪ್ಪುತ್ತದೆ. ಕಾಂಟೂರ್‌ಗಳನ್ನು ಲೇಬಲ್ ನೋಡಿ ಒಂದೊಂದಾಗಿ ಎಲಿವೇಶನ್ ಕೊಡಬೇಕಾಗುತ್ತದೆ.

ಒರಿಜಿನ್ ವಿಷಯ: ಈಸ್ಟಿಂಗ್ 6 ಲಕ್ಷ, ನಾರ್ದಿಂಗ್ 14 ಲಕ್ಷ ಮೀಟರ್ ಇದ್ದರೆ ಆಟೋಕ್ಯಾಡ್‌ಗೆ ಅಂಥ ಕಷ್ಟವೇನಿಲ್ಲ. ಅದನ್ನೇ ಮಿಲಿಮೀಟರ್‌ಗೆ ಸ್ಕೇಲ್ ಮಾಡಿ 140 ಕೋಟಿ ದಾಟಿಸಿದಾಗ ಪರದೆಯ ಮೇಲೆ ಗೆರೆ ನಡುಗುತ್ತದೆ. ಹ್ಯಾಚ್ ಕೆಟ್ಟರೆ ಎಚ್‌ಪಿಒರಿಜಿನ್ ಅನ್ನು ಹ್ಯಾಚ್ ಪಕ್ಕಕ್ಕೆ ತಂದು ಮತ್ತೆ ಹಾಕಿ. ರಸ್ತೆ ನೇರ ಕಾಣಬೇಕಿದ್ದರೆ ಯುಸಿಎಸ್ (ನಾವೇ ತಿರುಗಿಸಬಹುದಾದ ಎಕ್ಸ್-ವೈ ಅಕ್ಷ) ಅನ್ನು ಆ ರಸ್ತೆಗೆ ತಿರುಗಿಸಿ, ಪ್ಲಾನ್ ಕೊಟ್ಟು ಕರೆಂಟ್ ಆರಿಸಿ. ನೋಟ ತಿರುಗುತ್ತದೆ, ಕೋಆರ್ಡಿನೇಟ್ ಅಲುಗಾಡುವುದಿಲ್ಲ. ಸರ್ವೆ ಫೈಲನ್ನು ಎಕ್ಸ್‌ರೆಫ್ (ಹೊರಗಿನ ಫೈಲ್‌ಗೆ ಲಿಂಕ್) ಆಗಿ ಮಾತ್ರ ತನ್ನಿ, ಆಗ ಆಲ್ ಅಂತ ಕೊಟ್ಟರೂ ಒಳಗಿನ ಕಾಂಟೂರ್‌ನ ಮೂಲಕ್ಕೆ ಏನೂ ಆಗುವುದಿಲ್ಲ.

ಇಂಟೀರಿಯರ್ ಡ್ರಾಫ್ಟಿಂಗ್, ಬೆಂಗಳೂರು: ಮೇಡಂ, 1ಇ99 ಟ್ರಿಕ್ ನಾವು ದಿನಾ ಬಳಸುತ್ತೇವೆ, ಏನೂ ಆಗಿಲ್ಲ. ಸುಮ್ಮನೆ ಹೆದರಿಸಬೇಡಿ.

ಮೇಡಂ: ನಿಮ್ಮ ಫ್ಲೋರ್ ಪ್ಲಾನ್‌ನಲ್ಲಿ ಝಡ್‌ಗೆ ಬೆಲೆ ಇಲ್ಲ, ಅದಕ್ಕೇ ಏನೂ ಆಗಿಲ್ಲ. ಆದರೆ ಬ್ಲಾಕ್ ಒಳಗಿನ ಗೆರೆಗಳಿಗೆ ಅದು ತಾಗುವುದೇ ಇಲ್ಲ. ಯುಸಿಎಸ್ ವಾಲಿದ್ದರೆ ತಪ್ಪು ದಿಕ್ಕಿನಲ್ಲಿ ಚಪ್ಪಟೆ ಮಾಡುತ್ತದೆ. ಹಾಸನದವರಿಗೆ ಬಂದ ಫಾರ್ವರ್ಡ್‌ನಲ್ಲಿ ಇದರಲ್ಲಿ ಒಂದಾದರೂ ಬರೆದಿತ್ತಾ?

ಡ್ರಾಫ್ಟ್ಸ್‌ಮನ್, ದಾವಣಗೆರೆ: ಎಲ್ಲರಿಗೂ ಉಪಯೋಗ ಆಗಲಿ ಅಂತ ಒಂದು ಝಿಪ್ ಹಾಕಿದ್ದೇನೆ, 200 ಲಿಸ್ಪ್ (ಆಟೋಕ್ಯಾಡ್‌ನಲ್ಲಿ ಓಡುವ ಚಿಕ್ಕ ಪ್ರೋಗ್ರಾಂ) ಇವೆ. ಫೋಲ್ಡರ್‌ನಲ್ಲಿ ಬಿಚ್ಚಿಟ್ಟರೆ ಸಾಕು, ತಾನೇ ಲೋಡ್ ಆಗುತ್ತದೆ. ಮೇಲೆ ಹೇಳಿದ ಎಲ್ಲಾ ಸಮಸ್ಯೆಗೂ ಒಂದೇ ಪರಿಹಾರ.

ಮೇಡಂ: ಅಡ್ಮಿನ್, ದಯವಿಟ್ಟು ಆ ಝಿಪ್ ಅಳಿಸಿ. ಯಾರೂ ಬಿಚ್ಚಬೇಡಿ. ತಾನೇ ಲೋಡ್ ಆಗುವುದೇ ತೊಂದರೆ. ಅಕ್ಯಾಡ್.ಎಲ್‌ಎಸ್‌ಪಿ, ಅಕ್ಯಾಡ್‌ಡಾಕ್.ಎಲ್‌ಎಸ್‌ಪಿ ಎಂಬ ಹೆಸರಿನ ಫೈಲ್‌ಗಳನ್ನು ಆಟೋಕ್ಯಾಡ್ ಹುಡುಕಿ ಓಡಿಸುತ್ತದೆ. ವೈರಸ್‌ಗಳು ಅದೇ ಹೆಸರಿನಲ್ಲಿ ಬಂದು, ತೆರೆದ ಪ್ರತಿ ಡ್ರಾಯಿಂಗ್‌ನ ಫೋಲ್ಡರ್‌ಗೂ ತಮ್ಮ ನಕಲು ಹಾಕುತ್ತವೆ. ನಿಮ್ಮ ಪ್ರಾಜೆಕ್ಟ್ ಫೋಲ್ಡರ್‌ಗಳಲ್ಲಿ ಈ ಫೈಲ್‌ಗಳು ಕಂಡರೆ ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ, ನಿಮ್ಮ ಆಫೀಸಿನದ್ದಲ್ಲದಿದ್ದರೆ ಅಳಿಸಿ. ಎಫ್‌ಎಎಸ್, ವಿಎಲ್‌ಎಕ್ಸ್ (ಕಂಪೈಲ್ ಮಾಡಿದ ಲಿಸ್ಪ್) ಆದರೆ ಒಳಗೇನಿದೆ ಅಂತ ಓದಲೂ ಆಗದು. ಹೊರಗಿನ ಪ್ರೋಗ್ರಾಂ ಲೋಡ್ ಆಗುವ ಮೊದಲು ಎಚ್ಚರಿಸುವ ಸೆಟ್ಟಿಂಗ್ ಸೆಕ್ಯೂರ್‌ಲೋಡ್, ಅದು 1ಕ್ಕಿಂತ ಕಡಿಮೆ ಇರಬಾರದು. 0 ಮಾಡಿ ಅಂತ ಯಾರಾದರೂ ಹೇಳಿದರೆ ಅವರ ಮಾತು ಅಲ್ಲಿಗೇ ನಿಲ್ಲಿಸಿ.

ಡ್ರಾಫ್ಟ್ಸ್‌ಮನ್, ದಾವಣಗೆರೆ: ಒಳ್ಳೆಯದು ಮಾಡಲು ಹೋದರೆ ವೈರಸ್ ಅಂತೀರಾ. ಸರಿ.

ಅಡ್ಮಿನ್: ಅಳಿಸಿದ್ದೇನೆ.

ವಿದ್ಯಾರ್ಥಿ, ಕಲಬುರಗಿ: ಒಂದು ಸೆಲೆಕ್ಟ್ ಮಾಡಿದರೆ ಇನ್ನೊಂದು ಬಿಡುತ್ತೆ ಸರ್.

ಮೇಡಂ: ಪಿಕ್‌ಆಡ್ 2.

ಆರ್ಕಿಟೆಕ್ಟ್ ಆಫೀಸ್, ಮಂಗಳೂರು: ಬಾಗಿಲಿನ ಬ್ಲಾಕ್ ಇನ್ಸರ್ಟ್ ಮಾಡಿದರೆ ಊರಷ್ಟು ದೊಡ್ಡದಾಗಿ ಬರುತ್ತದೆ ಮೇಡಂ.

ಮೇಡಂ: ಎರಡೂ ಫೈಲ್‌ನ ಇನ್ಸ್‌ಯೂನಿಟ್ಸ್ ನೋಡಿ. ಮಿಲಿಮೀಟರ್‌ಗೆ 4, ಮೀಟರ್‌ಗೆ 6, ಇಂಚಿಗೆ 1. ಒಂದು 6, ಒಂದು 4 ಇದ್ದರೆ 1000 ಪಟ್ಟು. ಅದಕ್ಕಿಂತ ಕಡಿಮೆ, 25.4 ಪಟ್ಟು ಬಂದರೆ ಬ್ಲಾಕ್ ಇಂಚಿನದು.

ಕಂಟ್ರಾಕ್ಟರ್, ಮಂಡ್ಯ: ಈ ಮಿಲಿಮೀಟರ್ ಯಾಕೆ ಬೇಕು ಅಂತೀನಿ. ಗಾರೆ ಮೇಸ್ತ್ರಿಗೆ ಅರ್ಥ ಆಗೋದು ಅಡಿ, ಇಂಚು. ಸೈಟ್ 30x40, ಗೋಡೆ 9 ಇಂಚು. ಅಡಿಯಲ್ಲೇ ಕೊಡಿ.

ಆರ್ಕಿಟೆಕ್ಟ್ ಆಫೀಸ್, ಮಂಗಳೂರು: ಸ್ಟೀಲ್ ಮಿಲಿಮೀಟರ್‌ನಲ್ಲಿ ಬರುತ್ತದೆ, ಟೈಲ್ಸ್ ಮಿಲಿಮೀಟರ್‌ನಲ್ಲಿ ಬರುತ್ತದೆ. ನಿಮ್ಮ ಮೇಸ್ತ್ರಿಗಾಗಿ ಎಲ್ಲರೂ ಹಿಂದಕ್ಕೆ ಹೋಗಬೇಕಾ?

ಕಂಟ್ರಾಕ್ಟರ್, ಮಂಡ್ಯ: ನೀವು 30x40 ಅನ್ನು 9000x12000 ಅಂತ ಬರೆದು ಕಳಿಸ್ತೀರಿ. ಆಮೇಲೆ ಬೇಲಿ ಕಲ್ಲು ಎಲ್ಲಿ ಅಂತ ಹುಡುಕೋದು ನಾವು.

ಆರ್ಕಿಟೆಕ್ಟ್ ಆಫೀಸ್, ಮಂಗಳೂರು: ನಾವು ಯಾವತ್ತೂ ಹಾಗೆ ಬರೆದಿಲ್ಲ. ಗೊತ್ತಿಲ್ಲದೆ ಮಾತಾಡಬೇಡಿ.

ಡ್ರಾಫ್ಟ್ಸ್‌ಮನ್, ದಾವಣಗೆರೆ: ಇಬ್ಬರದೂ ಒಂದು ಲಿಸ್ಪ್‌ನಲ್ಲಿ ಮುಗಿಯುತ್ತಿತ್ತು, ಅಳಿಸಿಬಿಟ್ಟಿರಿ.

ಮೇಡಂ: 30x40 ಅಂದರೆ 9144x12192. 9000x12000 ಬರೆದರೆ 111.48 ಚದರ ಮೀಟರ್ ಸೈಟ್ 108 ಆಗುತ್ತದೆ, ಅದು ಯೂನಿಟ್ ತಪ್ಪಲ್ಲ, ಬರೆದವರ ತಪ್ಪು. ಮಿಲಿಮೀಟರ್‌ನಲ್ಲಿ ಡ್ರಾಯಿಂಗ್ ಇರಲಿ. ಡೈಮೆನ್ಶನ್ ಸ್ಟೈಲ್‌ನ ಆಲ್ಟರ್ನೇಟ್ ಯೂನಿಟ್ಸ್ ಆನ್ ಮಾಡಿ, ಫಾರ್ಮ್ಯಾಟ್ ಆರ್ಕಿಟೆಕ್ಚರಲ್, ಮಲ್ಟಿಪ್ಲೈಯರ್ 0.03937. 3048ರ ಪಕ್ಕದಲ್ಲಿ 10 ಅಡಿ ಅಂತ ತಾನೇ ಬರುತ್ತದೆ. ಇಬ್ಬರಿಗೂ ಒಂದೇ ಶೀಟ್ ಸಾಕು. ಈ ಜಗಳ ಇಲ್ಲಿಗೆ ಬಿಡಿ.

ವಿದ್ಯಾರ್ಥಿ, ಶಿವಮೊಗ್ಗ: ಮೇಡಂ ಯಾವ ಲ್ಯಾಪ್‌ಟಾಪ್ ತಗೊಳ್ಳಲಿ? 50 ಸಾವಿರದ ಒಳಗೆ.

ಡ್ರಾಫ್ಟಿಂಗ್ ಕೆಲಸ, ಹುಬ್ಬಳ್ಳಿ: ಮಿರರ್ ಮಾಡಿದರ ಅಕ್ಷರ ಉಲ್ಟಾ ಬರ್ತಾವ.

ಮೇಡಂ: ಮಿರ್‌ಟೆಕ್ಸ್ಟ್ 0.

ವಿದ್ಯಾರ್ಥಿ, ಶಿವಮೊಗ್ಗ: ಮೇಡಂ ಲ್ಯಾಪ್‌ಟಾಪ್?

ಡ್ರಾಫ್ಟ್ಸ್‌ಮನ್, ವಿಜಯಪುರ: ಟ್ರಿಮ್ ಕಟಿಂಗ್ ಎಡ್ಜ್ ಕೇಳ್ತಿಲ್ಲ.

ಮೇಡಂ: ಮೇಲೆ ತುಮಕೂರಿನವರಿಗೆ ಕೊಟ್ಟ ಉತ್ತರ ಓದಿ. ಓದದೆ ಕೇಳುವುದಾದರೆ ನಾನು ಇಲ್ಲಿ ಬರೆಯುವುದಕ್ಕೆ ಅರ್ಥವಿಲ್ಲ.

ಇಂಟೀರಿಯರ್ ಡ್ರಾಫ್ಟಿಂಗ್, ಬೆಂಗಳೂರು: ಕಲಿಯೋರು ಕೇಳ್ತಾರೆ ಮೇಡಂ, ಅಷ್ಟು ಸಿಟ್ಟು ಯಾಕೆ.

ಸೈಟ್ ಇಂಜಿನಿಯರ್, ಹಾಸನ: ಮೇಡಂ, ಸಿಎಸ್‌ವಿ ಬಂತು. ಇಂಪೋರ್ಟ್ ಮಾಡಿದೆ, ಝಡ್ ಎಲ್ಲ ಸರಿ ಇದೆ. ಆದರೆ ಸೈಟ್‌ನ ಆಕಾರ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿದೆ. ಮಿರರ್ ಕೊಡಲಾ?

ಮೇಡಂ: ಕೊಡಬೇಡಿ. ನಾರ್ದಿಂಗ್, ಈಸ್ಟಿಂಗ್ ಅದಲುಬದಲಾಗಿದೆ. ಸರ್ವೆಯವರು ಸಾಮಾನ್ಯವಾಗಿ ನಾರ್ದಿಂಗ್ ಮೊದಲು ಬರೆಯುತ್ತಾರೆ, ಆಟೋಕ್ಯಾಡ್‌ಗೆ ಎಕ್ಸ್ ಅಂದರೆ ಈಸ್ಟಿಂಗ್. ಕರ್ನಾಟಕದಲ್ಲಿ ಇದನ್ನು ಕಣ್ಣಳತೆಯಲ್ಲೇ ಹಿಡಿಯಬಹುದು: ಏಳು ಅಂಕಿಯದು ನಾರ್ದಿಂಗ್, ಆರು ಅಂಕಿಯದು ಈಸ್ಟಿಂಗ್. ಇಂಪೋರ್ಟ್ ಮಾಡಿದ ಪಾಯಿಂಟ್‌ಗಳನ್ನು ಅಳಿಸಿ, ಫೈಲ್ ಫಾರ್ಮ್ಯಾಟ್‌ನಲ್ಲಿ ಸರಿಯಾದ ಕ್ರಮ ಆರಿಸಿ ಮತ್ತೆ ತನ್ನಿ.

ಸರ್ವೇಯರ್, ಮುಳಬಾಗಿಲು: ನಮ್ಮ ಕಡೆ ಈಸ್ಟಿಂಗ್ ಒಂದು ಫೈಲ್‌ನಲ್ಲಿ 8 ಲಕ್ಷದ ಮೇಲೆ, ಇನ್ನೊಂದರಲ್ಲಿ 2 ಲಕ್ಷ ಚಿಲ್ಲರೆ ಬರುತ್ತದೆ. ಇದೂ ಅದೇನಾ?

ಮೇಡಂ: ಅಲ್ಲ. 78 ಡಿಗ್ರಿ ರೇಖಾಂಶದ ಆಚೆಗೆ ಯುಟಿಎಂ ಝೋನ್ 44. ನೀವು ಅದರ ಪೂರ್ವಕ್ಕಿದ್ದೀರಿ. ಒಂದು ಫೈಲ್ 43ರಲ್ಲಿದೆ, ಇನ್ನೊಂದು 44ರಲ್ಲಿದೆ. ಮೂವ್, ರೊಟೇಟ್‌ನಿಂದ ಇದು ಸರಿಹೋಗಲ್ಲ, ಝೋನ್ ಕನ್ವರ್ಟ್ ಮಾಡಿಯೇ ತರಬೇಕು.

ಸೈಟ್ ಇಂಜಿನಿಯರ್, ಹಾಸನ: ಈಗ ಸರಿ ಕೂತಿತು. ಅಲೈನ್ ಮಾಡಿದ ಮೇಲೆ ಟಿಬಿಎಂ 2ರಲ್ಲಿ 4 ಮಿಲಿಮೀಟರ್ ವ್ಯತ್ಯಾಸ ಇದೆ. ಪರವಾಗಿಲ್ಲವಾ?

ಮೇಡಂ: ಸಿಎಸ್‌ವಿಯಲ್ಲಿ ಮೂರು ದಶಮಾಂಶ ಇದ್ದೂ 4 ಮಿಲಿಮೀಟರ್ ಬಂದರೆ ಟಿಬಿಎಂ ಅನ್ನು ಸ್ನ್ಯಾಪ್ ಇಲ್ಲದೆ ಹಿಡಿದಿರಬಹುದು. ನೋಡ್ ಸ್ನ್ಯಾಪ್ ಆನ್ ಮಾಡಿ ಇನ್ನೊಮ್ಮೆ ಮಾಡಿ. ಸರ್ಫೇಸ್‌ಗೆ ಪಾಯಿಂಟ್ ಮಾತ್ರ ಸೇರಿಸಿ, ಚಪ್ಪಟೆಯಾದ ಹಳೆಯ ಕಾಂಟೂರ್ ಮತ್ತು ರಸ್ತೆ ಗೆರೆಗಳನ್ನು ಸೇರಿಸಬೇಡಿ. ಸೇರಿಸಿದರೆ ಅಲ್ಲಲ್ಲಿ ಸೊನ್ನೆಗೆ ಇಳಿದ ಬಾವಿಗಳು ಬರುತ್ತವೆ. ಕಟ್-ಫಿಲ್ ಓಡಿಸುವ ಮೊದಲು ಸರ್ಫೇಸ್ ಪ್ರಾಪರ್ಟೀಸ್‌ನಲ್ಲಿ ಮಿನಿಮಮ್ ಎಲಿವೇಶನ್ ನೋಡಿ, ನಿಮ್ಮ ಸೈಟ್‌ನ ಅತಿ ತಗ್ಗಿನ ಸ್ಪಾಟ್ ಲೆವೆಲ್‌ಗೆ ಅದು ಹೊಂದಬೇಕು.