ಪೋರ್ಚುಗಲ್ ವೈನ್–ಊಟದ ಪ್ರವಾಸ: ದೋರೊ ಸಾಕಾ, ಅಲೆಂತೇಜೂ ಬೇಕಾ? ಗೊತ್ತಿರೋರು ಹೇಳಿ

ಬನಶಂಕರಿ_ಬಿ: ಸೆಪ್ಟೆಂಬರ್ ಕೊನೇ ವಾರ, ಏಳು ರಾತ್ರಿ. ನಾವಿಬ್ರು, ಜೊತೆಗೆ ಅತ್ತೆ (ಮಾಂಸ–ಮೀನು ಇಲ್ಲ, ಮೊಟ್ಟೆ ಆಗುತ್ತೆ, ಮಂಡಿ ನೋವಿದೆ). ಪೋರ್ತೊದಲ್ಲಿ ಇಳಿದು ಲಿಸ್ಬನ್‌ನಿಂದ ವಾಪಸ್. ದೋರೊ ಕಣಿವೆ ಒಂದೇ ಸಾಕಾ, ದಕ್ಷಿಣದ ಅಲೆಂತೇಜು ಪ್ರದೇಶಾನೂ ಸೇರಿಸ್ಬೇಕಾ? ಕಾರಾ, ರೈಲಾ? ವೀಸಾ ಬಂದಾಗಿದೆ.

ರೈಲುಗಾಡಿ: ರೈಲು. ಎರಡನೇ ಮಾತೇ ಇಲ್ಲ. ಪೋರ್ತೊದಿಂದ ದೋರೊ ಕಣಿವೆಯ ಪಿನ್ಯಾವ್ ಊರಿಗೆ ಸುಮಾರು ಎರಡೂವರೆ ಗಂಟೆ. ಹೋಗುವಾಗ ಬಲಗಡೆ ಕಿಟಕಿ ಹಿಡೀರಿ. ಮೊದಲ ಒಂದು ಗಂಟೆ ನೋಡೋಕೆ ಏನೂ ಇಲ್ಲ. ಪಾಲಾ ಹತ್ರ ಹಳಿ ನದಿಗೆ ಇಳಿದ ಮೇಲೆ ನೀರು ಪಕ್ಕದಲ್ಲೇ ಬರುತ್ತೆ. ಕೊನೇ ಸ್ಟೇಷನ್ ಪೊಸಿನ್ಯೊವರೆಗೆ ಹೋಗೋದಾದ್ರೆ, ತುವಾ ಆದ್ಮೇಲೆ ಫೆರ್ರಡೋಸಾ ಸೇತುವೆ ದಾಟಿದ ತಕ್ಷಣ ಎಡಗಡೆಗೆ ಬನ್ನಿ, ನದಿ ಆ ಕಡೆಗೆ ಹೋಗಿರುತ್ತೆ. ಈ ಗಾಡಿಗಳಲ್ಲಿ ಸೀಟ್ ನಂಬರ್ ಇಲ್ಲ, ಕೂತವರದೇ ಸೀಟು. ಅದಕ್ಕೇ ಪೋರ್ತೊದ ಸಾಂವ್ ಬೆಂತು ಸ್ಟೇಷನ್‌ನಿಂದ ಹೊರಡೋ ಗಾಡಿ ಆರಿಸಿ. ಮುಂದಿನ ಸ್ಟೇಷನ್ ಕಾಂಪನ್ಯಾದಲ್ಲಿ ಹತ್ತಿದ್ರೆ ಬೇಸಿಗೆ ಶನಿವಾರ–ಭಾನುವಾರ ನಿಂತೇ ಹೋಗ್ಬೇಕು. 65 ದಾಟಿದವರಿಗೆ ಅರ್ಧ ಟಿಕೆಟ್, ಪಾಸ್‌ಪೋರ್ಟ್ ತೋರಿಸಿದ್ರೆ ಸಾಕು. ಪಿನ್ಯಾವ್‌ನಲ್ಲಿ ಇಳಿದ್ರೆ ಬೊಂಫಿಂ, ರೊಯೇಡಾ ಎರಡು ಕಿಂತಾಗಳೂ (ವೈನ್ ತೋಟಗಳು) ನಡೆದು ಹೋಗೋ ದೂರ. ಹೊರಡೋಕೆ ಮುಂಚೆ ಸ್ಟೇಷನ್ ಗೋಡೆ ಮೇಲಿನ ನೀಲಿ ಟೈಲ್ಸ್ ನೋಡಿ. 1937ರವು, ಕೊಯ್ಲಿನ ಪೂರ್ತಿ ಕೆಲಸ ಅದರಲ್ಲೇ ಇದೆ.

ಘಾಟ್‌ರೋಡ್: ಮುಷ್ಕರದ ದಿನ ಅದೇ ಟೈಲ್ಸ್ ನೋಡ್ಕೊಂಡು ಕೂರ್ಬೇಕಾಗುತ್ತೆ, ಅದನ್ನ ಯಾಕೆ ಹೇಳಲ್ಲ? ಪಿನ್ಯಾವ್‌ನಲ್ಲಿ ಟ್ಯಾಕ್ಸಿ ಬೆರಳೆಣಿಕೆಯಷ್ಟು, ಆ್ಯಪ್‌ನಲ್ಲಿ ಕರೆದ್ರೆ ಬಹಳ ಸಲ ಯಾರೂ ಬರಲ್ಲ. ಗುಡ್ಡದ ಮೇಲಿನ ಕಜಾಲ್ ದೆ ಲೊಯ್ವುಶ್ ಹಳ್ಳಿಯಿಂದ ನದಿ ತಿರುವು ನೋಡ್ಬೇಕಂದ್ರೆ ಸ್ಟೇಷನ್‌ನಿಂದ ಪೂರ್ತಿ ಏರು. ಕಾರ್ ತಗೊಳ್ಳಿ. ಲೆಕ್ಕ ಹೀಗೆ: ಆಟೊಮ್ಯಾಟಿಕ್ ಬೇಕಂದ್ರೆ ಬಾಡಿಗೆ ಗೇರ್ ಗಾಡಿಗಿಂತ ಜಾಸ್ತಿ, ಕೊಯ್ಲಿನ ವಾರದಲ್ಲಿ ಸಿಗೋದೇ ಕಷ್ಟ. ಕ್ರೆಡಿಟ್ ಕಾರ್ಡ್ ಓಡಿಸೋರ ಹೆಸರಲ್ಲೇ ಇರ್ಬೇಕು. ಡೆಬಿಟ್ ಕಾರ್ಡ್ ಕೊಟ್ರೆ ಎಷ್ಟೋ ಕೌಂಟರ್‌ಗಳಲ್ಲಿ ಅವರದೇ ದುಬಾರಿ ವಿಮೆ ತಲೆಗೆ ಕಟ್ತಾರೆ. ಇಂಟರ್‌ನ್ಯಾಷನಲ್ ಪರ್ಮಿಟ್ ನಮ್ಮ ಆರ್‌ಟಿಒನಲ್ಲೇ ಮಾಡಿಸಿ, ಒಂದು ವರ್ಷ ನಡೆಯುತ್ತೆ. ಮೂಲ ಲೈಸೆನ್ಸೂ ಜೊತೆಗಿರಲಿ. ಎ4 ಹೆದ್ದಾರಿಯ ಮರಾಂವ್ ಸುರಂಗ, ಎ24 ಹೆದ್ದಾರಿ ಇವಕ್ಕೆ 2025ರ ಜನವರಿ 1ರಿಂದ ಟೋಲ್ ಇಲ್ಲ, ಹಳೇ ಲೇಖನ ಓದಿ ಹೆದರ್ಬೇಡಿ. ಲಿಸ್ಬನ್ ಕಡೆ ಹೋಗೋ ಎ1ಗೆ ಈಗಲೂ ಇದೆ. ಕಣಿವೆಯ ರೆಗ್ವಾ ಊರಿಂದ ಪಿನ್ಯಾವ್‌ಗೆ ಎನ್222 ರಸ್ತೆ ಹಿಡೀರಿ, ಮ್ಯಾಪ್ ತೋರಿಸೋ ಅಡ್ಡದಾರಿಗೆ ಇಳೀಬೇಡಿ. ಅವು ತೋಟದ ಟ್ರ್ಯಾಕ್ಟರ್ ದಾರಿ, ಎದುರು ಗಾಡಿ ಬಂದ್ರೆ ಹಿಂದೆ ಸರಿಯೋಕೂ ಜಾಗ ಇರಲ್ಲ.

ರೈಲುಗಾಡಿ: ವೈನ್ ಪ್ರವಾಸಕ್ಕೆ ಹೋಗಿ ಕಾರ್ ಓಡಿಸೋರು ಕುಡಿಯೋದು ಹೇಗೆ ಸಾರ್? ಅಲ್ಲಿ ಮಿತಿ ಲೀಟರ್ ರಕ್ತಕ್ಕೆ 0.5 ಗ್ರಾಂ, ಲೈಸೆನ್ಸ್ ಮೂರು ವರ್ಷ ದಾಟಿರದಿದ್ರೆ 0.2. ಪೋರ್ಟ್ ವೈನ್‌ನಲ್ಲಿ (ಬ್ರಾಂಡಿ ಸೇರಿಸಿದ ಈ ಕಣಿವೆಯ ವೈನ್) ಆಲ್ಕೋಹಾಲ್ 20% ಇರುತ್ತೆ. 60 ಮಿ.ಲೀ. ಗ್ಲಾಸ್ ಮೂರಾದ್ರೆ ಶುದ್ಧ ಆಲ್ಕೋಹಾಲ್ 36 ಮಿ.ಲೀ., ಅಂದ್ರೆ 28 ಗ್ರಾಂ. 65 ಕೆ.ಜಿ. ತೂಕದವರು ಅಲ್ಲೇ ಮಿತಿ ದಾಟಿರ್ತಾರೆ. ಅದಾದ್ಮೇಲೆ ಎನ್222ರ ತಿರುವುಗಳು.

ಘಾಟ್‌ರೋಡ್: ಉಗಿಯೋಕೆ ಬಕೆಟ್ ಇಟ್ಟಿರೋದೇ ಅದಕ್ಕೆ. ರುಚಿ ನೋಡೋದು ಬೇರೆ, ಕುಡಿಯೋದು ಬೇರೆ. ಈ ವ್ಯತ್ಯಾಸ ಗೊತ್ತಿಲ್ಲದೋರು ಸಲಹೆ ಕೊಡೋಕೆ ಬರಬಾರದು.

ಪೋರ್ತೊವಾಸಿ: ಇಬ್ಬರೂ ಮುಖ್ಯ ವಿಷಯ ಬಿಟ್ಟಿದ್ದೀರಿ. ಸೆಪ್ಟೆಂಬರ್ ಕೊನೇ ವಾರ ಕೊಯ್ಲು ನಡೀತಿರುತ್ತೆ. ದೊಡ್ಡ ಕಿಂತಾಗಳು ಕಾಲಿಂದ ತುಳಿಯೋ ಕಲ್ಲಿನ ತೊಟ್ಟಿಗಳನ್ನ ದುಡ್ಡು ತಗೊಂಡು ತೋರಿಸ್ತವೆ, ಚಿಕ್ಕವು ಎಷ್ಟೋ ಗೇಟ್ ಹಾಕ್ಕೊಂಡು ಕೆಲಸ ಮಾಡ್ತವೆ. ಎರಡು ತಿಂಗಳ ಮುಂಚೆ ಬುಕ್ ಮಾಡದಿದ್ರೆ ಉಳಿದಿರೋದು ಮಧ್ಯಾಹ್ನ ಮೂರರ ಬಿಸಿಲಿನ ಸಮಯ ಮಾತ್ರ. ಸಾಮಾನ್ಯ ಭೇಟಿ–ರುಚಿಗೆ ತಲಾ 20–40 ಯೂರೊ. ದಿನಕ್ಕೆ ಎರಡೇ ಸಾಕು, ಮೂರನೆಯದರಲ್ಲಿ ನಾಲಿಗೆ ಕೆಲಸ ಮಾಡಲ್ಲ. ಪೋರ್ಟ್ ಹೋಲಿಸಿ ಕಲೀಬೇಕಂದ್ರೆ ಕಣಿವೆಯಲ್ಲ, ಪೋರ್ತೊ ಎದುರಿಗೆ ನದಿಯ ಆಚೆ ದಡದ ಗಾಯಾ ಊರು. ಕಣಿವೆ ಬೇಸಿಗೆಯಲ್ಲಿ ಕಾದ ಬಾಣಲೆ; ಗಾಯಾ ಸಮುದ್ರದ ಹತ್ರ, ತಂಪು, ತೇವ. ಪೀಪಾಯಿಗಳನ್ನ ಅಲ್ಲಿಗೆ ತಂದು ಹಳೆಯದು ಮಾಡ್ತಿದ್ದದ್ದು ಅದಕ್ಕೇ. 1986ರವರೆಗೆ ರಫ್ತೂ ಗಾಯಾದಿಂದಲೇ ಆಗ್ಬೇಕು ಅನ್ನೋ ಕಾನೂನಿತ್ತು.

ಧಾರವಾಡದವ: ಮೂರೂ ಮಂದಿ ಆ ನದಿ ಬಿಟ್ಟು ಹೊರಗ ಬರವಲ್ರಿ. ಊಟ ಮುಖ್ಯ ಅಂದ್ರ ಅಲೆಂತೇಜು ನೋಡ್ರಿ. ಲಿಸ್ಬನ್ ಒರಿಯೆಂತ್ ಸ್ಟೇಷನ್ನಿಂದ ಎವೊರಾಕ್ಕ ರೈಲ್ನಾಗ ಒಂದೂವರಿ ತಾಸು, ಅಷ್ಟ. ವಿಡಿಗೇರಾ ಕಡೆ ತಾಲ್ಯಾ ವೈನ್ ಅದ. ಆಳೆತ್ತರದ ಮಣ್ಣಿನ ಗಡಗಿ, ಒಳಗ ರಾಳ ಬಳದಿರ್ತಾರ. ಸಿಪ್ಪಿ–ಬೀಜ ಸಮೇತ ದ್ರಾಕ್ಷಿ ಹಾಕಿ, ಹುದುಗು ಏರಿದಾಗ ದಿನಕ್ಕ ಎರಡ ಸಲ ಕೋಲಿಲೆ ಒತ್ತಬೇಕು. ಒತ್ತೂದು ತಪ್ಪಿತೋ, ಸಿಪ್ಪಿ ಮ್ಯಾಲೆ ಮುಚ್ಚಳದಂಗ ಗಟ್ಟಿ ಆಗಿ, ಗ್ಯಾಸ್ ಹೊರಗ ಹೋಗಲಾರದ ಗಡಗೀನ ಒಡೀತದ. ನವೆಂಬರ್ 11, ಸಂತ ಮಾರ್ಟಿನ್ ದಿನ ಗಡಗಿ ತೆರೀತಾರ. ಹಿಂಗಾಗಿ ಸೆಪ್ಟೆಂಬರದಾಗ ಹೊಸದು ಸಿಗೂದಿಲ್ಲ. ತಾರೀಖ ಬದಲಿ ಮಾಡ್ರಿ.

ಪೋರ್ತೊವಾಸಿ: ಟಿಕೆಟ್ ತಗೊಂಡವರಿಗೆ ತಾರೀಖು ಬದಲಾಯಿಸಿ ಅಂದ್ರೆ ಅದೆಂಥ ಸಲಹೆ? ಗಡಗಿ ವೈನ್ ಒಂದು ಕುತೂಹಲ, ಅಷ್ಟೇ.

ಧಾರವಾಡದವ: ರೋಮನ್ನರ ಕಾಲದ ಪದ್ಧತಿರೀ ಅದು. ನಿಮ್ಮ ಪೋರ್ಟಿಗೆ ಹುದುಗು ಅರ್ಧಕ್ಕ ನಿಲ್ಲಿಸಿ 77% ಬ್ರಾಂಡಿ ಸುರೀತಾರ. ಕುತೂಹಲ ಯಾವುದು ಅನ್ನೂದು ನೀವ ಹೇಳ್ರಿ.

ಬನಶಂಕರಿ_ಬಿ: ಅತ್ತೆ ಊಟದ ಬಗ್ಗೆ ಯಾರಾದ್ರೂ ಹೇಳ್ತೀರಾ?

ಕೊತ್ತಂಬರಿ: ಈ ಗಂಡಸರು ಅದನ್ನ ಓದಿಯೇ ಇಲ್ಲ. ‘ಸೆಂ ಕಾರ್ನ್’ ಅಂದ್ರೆ ಮಾಂಸ ಇಲ್ಲದ್ದು ಅಂತ, ಆದ್ರೆ ಮೀನು ಬರುತ್ತೆ. ‘ಸೆಂ ಕಾರ್ನ್, ಸೆಂ ಪೇಶ್, ಸೆಂ ಫಿಯಾಂಬ್ರ್’ ಅಂತ ಮೂರೂ ಹೇಳಿ. ಪೇಶ್ ಅಂದ್ರೆ ಮೀನು. ಫಿಯಾಂಬ್ರ್ ಅಂದ್ರೆ ಹಂದಿ ಹ್ಯಾಮ್, ಆಮ್ಲೆಟ್‌ಗೂ ಹಾಕಿಬಿಡ್ತಾರೆ. ಕಾಲ್ದು ವೆರ್ದ್ ಸೊಪ್ಪಿನ ಸಾರು ನೋಡೋಕೆ ನಮ್ಮದೇ ಅನ್ಸುತ್ತೆ, ತಳದಲ್ಲಿ ಸಾಸೇಜ್ ಚೂರು ಇರುತ್ತೆ. ಬ್ರೆಡ್‌ನಿಂದ ಮಾಡೋ ಮಿಗಶ್ ಸಾಮಾನ್ಯವಾಗಿ ಹಂದಿ ಕೊಬ್ಬಲ್ಲೇ ಹುರಿದಿರ್ತಾರೆ, ಬೇಡವೇ ಬೇಡ. ಅತ್ತೆಯವರಿಗೆ ಹೊಂದೋದು ಅಲೆಂತೇಜಿನ ಅಸೋರ್ಡಾ: ಬೆಳ್ಳುಳ್ಳಿ, ಉಪ್ಪು, ಕೊತ್ತಂಬರಿ ಸೊಪ್ಪು ಜಜ್ಜಿ, ಆಲಿವ್ ಎಣ್ಣೆ ಹಾಕಿ, ಕುದಿಯೋ ನೀರು ಸುರಿದು, ಹಳೇ ಬ್ರೆಡ್ ಅದ್ದಿ, ಮೇಲೆ ನೀರಲ್ಲಿ ಬೇಯಿಸಿದ ಮೊಟ್ಟೆ. ನೀರು ಬಕಲ್ಯಾವು ಮೀನು ಬೇಯಿಸಿದ್ದಾ ಅಂತ ಕೇಳಲೇಬೇಕು, ಕೆಲವು ಕಡೆ ಅದನ್ನೇ ಹಾಕ್ತಾರೆ. ಚೀಸ್ ವಿಷಯದಲ್ಲಿ ಧೈರ್ಯವಾಗಿರಿ: ಸೆರ್ರಾ ದಾ ಎಶ್ತ್ರೇಲಾ, ಸೆರ್ಪಾ, ಅಜೈತಾಂವ್ ಮೂರೂ ಕುರಿ ಹಾಲಿನವು, ಹೆಪ್ಪು ಹಾಕೋದು ಮುಳ್ಳುಗಿಡದ ಹೂವಿಂದ, ಕರುವಿನ ಹೊಟ್ಟೆಯಿಂದ ಅಲ್ಲ. ಸಿಹಿಯಲ್ಲಿ ತೊಸೀನ್ಯು ದು ಸೇವು ಬಿಡಿ, ಅದಕ್ಕೂ ಹಂದಿ ಕೊಬ್ಬು ಹಾಕೋದು ರೂಢಿ. ಕೂತ ತಕ್ಷಣ ಟೇಬಲ್ ಮೇಲೆ ತಂದಿಡೋ ಬ್ರೆಡ್, ಆಲಿವ್, ಚೀಸ್‌ಗೆ ಬಿಲ್ ಇದೆ. ಬೇಡದ್ದನ್ನ ವಾಪಸ್ ಕಳಿಸಿ.

ಧಾರವಾಡದವ: ಅಕ್ಕಾರ, ಕೇಳಲಾರದ ತಂದಿಟ್ಟು, ನಾವು ಮುಟ್ಟದಿದ್ರ ದುಡ್ಡು ಕೇಳಂಗಿಲ್ಲ, ಅಲ್ಲಿ ಕಾನೂನ ಅದ. ವಾಪಸ್ ಕಳಸೂದು ಯಾಕ?

ಕೊತ್ತಂಬರಿ: ಕಾನೂನು ಗೊತ್ತು ತಮ್ಮ. ನಾಲ್ಕು ಆಲಿವ್ ತಿಂದ್ರೂ ಪೂರ್ತಿ ತಟ್ಟೆ ಲೆಕ್ಕ. ಮಾತಾಡ್ತಾ ಕೂತವರ ಕೈ ಸುಮ್ಮನಿರಲ್ಲ, ಅದಕ್ಕೇ ಕಣ್ಣೆದುರಿಂದ ತೆಗೆಸಿ ಅಂದಿದ್ದು.

ಘಾಟ್‌ರೋಡ್: ಮಂಡಿ ನೋವಿಗೆ ರೈಲು ಅಂದವರಿಗೆ ಹಳೇ ಬೋಗಿಗಳ ಮೆಟ್ಟಿಲು ಎಷ್ಟು ಎತ್ತರ ಅಂತ ಗೊತ್ತಾ?

ರೈಲುಗಾಡಿ: ಕಿಂತಾ ಅಂಗಳದ ಕಲ್ಲು ಹಾಸು ಕಾರಲ್ಲಿ ಬಂದವರಿಗೆ ಮೆತ್ತಗಾಗುತ್ತಾ? ಪೋರ್ತೊ–ಲಿಸ್ಬನ್ ಮೂರು ಗಂಟೆ ಎಕ್ಸ್‌ಪ್ರೆಸ್‌ನಲ್ಲಿ ಹೋಗಿ, ಎವೊರಾ ಎರಡು ರಾತ್ರಿ. ಕಾರ್ ಯಾವ ಹಂತದಲ್ಲೂ ಬೇಡ.

ಪೋರ್ತೊವಾಸಿ: ಬಾಟ್ಲಿ ಬಗ್ಗೆ ಯಾರೂ ಹೇಳಿಲ್ಲ. ಬೆಂಗಳೂರಲ್ಲಿ ಸುಂಕ ಇಲ್ಲದೆ ತಲಾ ಎರಡು ಲೀಟರ್. 750ರ ಎರಡು, 500 ಮಿ.ಲೀ.ನದು ಒಂದು, ಸರಿಯಾಗಿ ಎರಡು ಲೀಟರ್. ಒಬ್ಬರ ಪಾಲು ಇನ್ನೊಬ್ಬರ ಲೆಕ್ಕಕ್ಕೆ ಸೇರಿಸಂಗಿಲ್ಲ, ಮೂವರ ಬ್ಯಾಗಲ್ಲೂ ಹಂಚಿ ಇಡಿ. ಕೈಚೀಲ ಬೇಡ, ಚೆಕ್‌ಇನ್ ಬ್ಯಾಗ್. ತರೋದಾದ್ರೆ ವಿಂಟೇಜ್ ಪೋರ್ಟ್ ತನ್ನಿ, ಒಂದೇ ವರ್ಷದ ದ್ರಾಕ್ಷಿಯದು, ಬಾಟ್ಲಿಯಲ್ಲೇ ಹಳೆಯದಾಗುತ್ತೆ.

ಘಾಟ್‌ರೋಡ್: ನೆಲಮಾಳಿಗೆ ಇಲ್ಲದ ಊರಿಗೆ ವಿಂಟೇಜ್ ಯಾಕೆ? 30 ಡಿಗ್ರಿಯಲ್ಲಿ ಅಲಮಾರಿನಲ್ಲಿ ಮಲಗಿಸಿದ್ರೆ ಹಾಳಾಗುತ್ತೆ. ತೆಗೆದ ಮೇಲೆ ಎರಡು ದಿನಕ್ಕೇ ಮುಗಿಸ್ಬೇಕು, ಗಸಿ ಸೋಸೋ ಕೆಲಸ ಬೇರೆ. 20 ವರ್ಷದ ಟಾನಿ ಪೋರ್ಟ್ ತನ್ನಿ. ಪೀಪಾಯಿಯಲ್ಲೇ ಗಾಳಿ ಕಂಡ ವೈನ್ ಅದು. ನಿಲ್ಲಿಸಿ ಇಡ್ಬಹುದು, ತೆಗೆದ ಮೇಲೆ ಫ್ರಿಜ್‌ನಲ್ಲಿ ತಿಂಗಳು ಇರುತ್ತೆ.

ಪೋರ್ತೊವಾಸಿ: ಟಾನಿ ಬಾಟ್ಲಿಯಲ್ಲಿ ಬೆಳೆಯಲ್ಲ, ಅದನ್ನೂ ಹೇಳಿ. ಹಿಂದಿನ ಲೇಬಲ್‌ನಲ್ಲಿ ತುಂಬಿದ ವರ್ಷ ನೋಡಿ; ಅಂಗಡಿಯವರು ಹಳೇದು ಒಳ್ಳೇದು ಅಂತ ಐದಾರು ವರ್ಷದ ಹಿಂದೆ ತುಂಬಿದ್ದು ಕೊಟ್ರೆ ಬೇಡ ಅನ್ನಿ, ಹೊಸದಾಗಿ ತುಂಬಿದ್ದೇ ಕೇಳಿ.