ಆರ್‌ಎಸ್‌ವಿ ಅಧ್ಯಯನಕ್ಕೆ ಇಲಿಗಿಂತ ಕರುವೇ ಸೂಕ್ತ ಎನ್ನುವುದು ಎಷ್ಟು ಸರಿ?

ಪ್ರಶ್ನೆ – ಸೂಕ್ಷ್ಮಜೀವಿಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿ

ಹಸುಗೂಸುಗಳ ಶ್ವಾಸಕೋಶಕ್ಕೆ ತಗಲುವ ಆರ್‌ಎಸ್‌ವಿ (ರೆಸ್ಪಿರೇಟರಿ ಸಿನ್ಸಿಶಿಯಲ್ ವೈರಸ್) ವೈರಾಣುವಿನ ಬಗ್ಗೆ ಓದುವಾಗ, ಪ್ರಯೋಗಕ್ಕೆ ಕರುವೇ ಒಳ್ಳೆಯ ಪ್ರಾಣಿ ಎಂಬ ಮಾತು ಮತ್ತೆ ಮತ್ತೆ ಎದುರಾಗುತ್ತದೆ. ಇಲಿಗಳನ್ನು ಸಾಕುವುದು ಅಗ್ಗ, ಅವುಗಳಿಗೆ ಬೇಕಾದ ಪರೀಕ್ಷಾ ಸಾಮಗ್ರಿಯೂ ಸುಲಭವಾಗಿ ಸಿಗುತ್ತದೆ. ಕರುವಿಗೆ ಸೋಕುವುದು ದನಗಳದೇ ಬೇರೆ ವೈರಾಣು ಎಂದಾದ ಮೇಲೆ, ಅಲ್ಲಿ ಕಂಡದ್ದನ್ನು ಮಗುವಿಗೆ ಅನ್ವಯಿಸುವುದು ಹೇಗೆ?

ಉತ್ತರ – ವೈರಾಣು ಸಂಶೋಧಕರು

ಬೇರೆ ವೈರಾಣು ಎಂಬುದೇ ಇಲ್ಲಿ ಅನುಕೂಲವಾಗಿದೆ. ಮನುಷ್ಯರ ಆರ್‌ಎಸ್‌ವಿ ಇಲಿಯಲ್ಲಿ ಸರಿಯಾಗಿ ವೃದ್ಧಿಯಾಗುವುದಿಲ್ಲ; ಮೂಗಿಗೆ ಲಕ್ಷಗಟ್ಟಲೆ ವೈರಾಣುಗಳನ್ನು ಹಾಕಿದರೂ ಬರುವುದು ಅಲ್ಪಕಾಲದ ಸೋಂಕು. ದನಗಳ ಆರ್‌ಎಸ್‌ವಿಗಾದರೋ ಕರು ಸಹಜ ಆಶ್ರಯ: ಜ್ವರ, ಕೆಮ್ಮು, ವೇಗದ ಉಸಿರಾಟ, ಕಿರುಶ್ವಾಸನಾಳಗಳು ಸತ್ತ ಜೀವಕೋಶ ಮತ್ತು ಬಿಳಿ ರಕ್ತಕಣಗಳಿಂದ ಕಟ್ಟಿಕೊಳ್ಳುವುದು, ಎಲ್ಲವೂ ಮಗುವಿನಲ್ಲಿ ಕಾಣುವಂತೆಯೇ ನಡೆಯುತ್ತವೆ. ವೈರಾಣು ಜೀವಕೋಶದೊಳಗೆ ನುಗ್ಗಲು ಬಳಸುವ ಹೊರಮೈಯ ಎಫ್ ಪ್ರೋಟೀನನ್ನು ನೋಡಿದರೆ, ಎರಡೂ ವೈರಾಣುಗಳಲ್ಲಿ ಅದರ ಅಮೈನೊ ಆಮ್ಲಗಳ ಜೋಡಣೆ ಸುಮಾರು ಶೇ. 80ರಷ್ಟು ಒಂದೇ ಆಗಿದೆ. ಜೀವಕೋಶಕ್ಕೆ ಅಂಟಿಕೊಳ್ಳಲು ನೆರವಾಗುವ ಜಿ ಪ್ರೋಟೀನಿನಲ್ಲಿ ಹೋಲಿಕೆ ಶೇ. 30ರ ಆಸುಪಾಸಿಗೆ ಇಳಿಯುವುದರಿಂದ, ನಿಮ್ಮ ಪ್ರಶ್ನೆ ಜಿ ಪ್ರೋಟೀನಿನದಾದರೆ ಕರುವನ್ನು ನೆಚ್ಚಬೇಡಿ.

ಇದರ ಮಹತ್ವ ತಿಳಿಯಲು 1960ರ ದಶಕದ ಲಸಿಕೆಯನ್ನು ನೆನೆಯಬೇಕು. ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಆ ಲಸಿಕೆ ಪಡೆದ ಮಕ್ಕಳಿಗೆ ಮುಂದೆ ಸಹಜ ಸೋಂಕು ತಗುಲಿದಾಗ ರೋಗ ಉಲ್ಬಣಿಸಿತು. ಹೆಚ್ಚಿನವರು ಆಸ್ಪತ್ರೆ ಸೇರಬೇಕಾಯಿತು, ಇಬ್ಬರು ತೀರಿಕೊಂಡರು. ದನಗಳ ವೈರಾಣುವಿನಿಂದ ಅದೇ ರೀತಿ ತಯಾರಿಸಿದ ಲಸಿಕೆ ಕೊಟ್ಟ ಕರುಗಳಲ್ಲೂ ಇಂಥ ಉಲ್ಬಣವನ್ನು ತೋರಿಸಲಾಗಿದೆ. ಇತ್ತ ಒಳ್ಳೆಯ ಫಲವೂ ಇದೆ: ಜೀವಕೋಶದೊಳಗೆ ನುಗ್ಗುವ ಮುಂಚಿನ ರೂಪದಲ್ಲೇ ಸ್ಥಿರಗೊಳಿಸಿದ ಎಫ್ ಪ್ರೋಟೀನು ಕರುಗಳಿಗೆ ರಕ್ಷಣೆ ಕೊಟ್ಟಿತು. 2023ರಲ್ಲಿ ಮನುಷ್ಯರ ಬಳಕೆಗೆ ಅನುಮೋದನೆ ಪಡೆದ ಆರ್‌ಎಸ್‌ವಿ ಲಸಿಕೆಗಳು ನಿಂತಿರುವುದೂ ಈ ತತ್ತ್ವದ ಮೇಲೆಯೇ.

ಉತ್ತರ – ಪಶುವೈದ್ಯರು

ಮೇಲಿನದನ್ನು ಒಪ್ಪುತ್ತೇನೆ, ಆದರೆ ಕೊಟ್ಟಿಗೆಯ ಕಡೆಯಿಂದ ನೋಡಿದರೆ ಪ್ರಯೋಗ ಕೆಡುವುದು ಬೇರೆ ಕಡೆ. ಮೊದಲನೆಯದು ಗಿಣ್ಣುಹಾಲು. ಮಗುವಿಗೆ ತಾಯಿಯ ಪ್ರತಿಕಾಯಗಳು ಗರ್ಭದಲ್ಲೇ ದಾಟಿಬರುತ್ತವೆ; ಕರುವಿಗೆ ಅವು ಗಿಣ್ಣಿನಿಂದಲೇ ಬರಬೇಕು. ಆದ್ದರಿಂದ ಈ ವೈರಾಣುವಿನ ವಿರುದ್ಧ ಪ್ರತಿಕಾಯವಿಲ್ಲದ ಹಸುವಿನ ಗಿಣ್ಣು ಕೊಟ್ಟೋ, ಇರುವ ಹಸುವಿನದನ್ನು ಕೊಟ್ಟೋ, ತಾಯಿಯ ಪ್ರತಿಕಾಯ ಲಸಿಕೆಗೆ ಎಷ್ಟು ಅಡ್ಡಿಯಾಗುತ್ತದೆ ಎಂಬುದನ್ನು ನೇರವಾಗಿ ಅಳೆಯಬಹುದು. ಗಿಣ್ಣನ್ನೇ ತಪ್ಪಿಸುವುದು ಮಾತ್ರ ಸಲ್ಲದು, ಅಂಥ ಕರು ಬೇರೆ ಸೋಂಕಿಗೆ ಬಲಿಯಾಗುತ್ತದೆ.

ಎರಡನೆಯದು ವೈರಾಣುವಿನ ಮೂಲ. ಪ್ರಯೋಗಾಲಯದ ಜೀವಕೋಶಗಳಲ್ಲಿ ಪದೇಪದೇ ಬೆಳೆಸಿದ ವೈರಾಣು ತನ್ನ ಕಸುವು ಕಳೆದುಕೊಂಡು, ಕರುವಿಗೆ ಸಣ್ಣ ನೆಗಡಿ ತಂದು ಸುಮ್ಮನಾಗುತ್ತದೆ. ಹೀಗಾಗಿಯೇ ಅನೇಕರು ಸೋಂಕಿತ ಕರುವಿನ ಶ್ವಾಸಕೋಶವನ್ನು ತೊಳೆದು ತೆಗೆದ ದ್ರವವನ್ನೇ ಬಳಸುತ್ತಾರೆ. ಶ್ವಾಸಕೋಶಕ್ಕೆ ಸೋಂಕು ತರುವ ಪಾಶ್ಚುರೆಲ್ಲ, ಮೈಕೊಪ್ಲಾಸ್ಮಾ ಬ್ಯಾಕ್ಟೀರಿಯಾಗಳು ಇವೆಯೇ ಎಂದು ಮುಂಚೆಯೇ ನೋಡದಿದ್ದರೆ, ಶವಪರೀಕ್ಷೆಯಲ್ಲಿ ಕಂಡ ಗಾಯ ಯಾವುದರದು ಎಂದು ಹೇಳಲಾಗದು.

ಶವಪರೀಕ್ಷೆಯಲ್ಲಿ ಶ್ವಾಸಕೋಶದ ಮುಂಭಾಗದ ಕೆಳ ಹಾಲೆಗಳನ್ನು ಮುಟ್ಟಿ ನೋಡಿ: ಕಡುಗೆಂಪಾಗಿ ಗಟ್ಟಿಯಾದ ಒಂದು ಕಿರುಹಾಲೆಯ ಪಕ್ಕದಲ್ಲೇ ಗುಲಾಬಿ ಬಣ್ಣದ ಮೆತ್ತನೆಯದೊಂದು ಇರುತ್ತದೆ. ದನದ ಕಿರುಹಾಲೆಗಳ ನಡುವೆ ದಪ್ಪ ಗೋಡೆಯಿದ್ದು, ಒಂದರ ಗಾಳಿ ಇನ್ನೊಂದಕ್ಕೆ ಹೋಗಲಾರದು. ಕರುವಿನಲ್ಲಿ ರೋಗ ತೀವ್ರವಾಗಿ ಕಾಣಲು ಇದೂ ಒಂದು ಕಾರಣವಿರಬೇಕೆಂದು ನನ್ನ ಅಭಿಪ್ರಾಯ. ಮಗುವಿನ ಶ್ವಾಸಕೋಶ ಇಷ್ಟು ಬಿಗಿಯಾಗಿ ಭಾಗವಾಗಿಲ್ಲ.

ಮರುಪ್ರಶ್ನೆ – ವಿದ್ಯಾರ್ಥಿ

ಹಾಗಾದರೆ ರೋಗನಿರೋಧಕ ಕೋಶಗಳನ್ನು ಹೋಲಿಸಬಹುದೇ, ಸರ್?

ಉತ್ತರ – ವೈರಾಣು ಸಂಶೋಧಕರು

ಎಚ್ಚರಿಕೆಯಿಂದ. ಎಳೆಗರುವಿನ ರಕ್ತದಲ್ಲಿ ಗಾಮಾ-ಡೆಲ್ಟಾ ಟಿ ಕೋಶಗಳೆಂಬ ಒಂದು ಬಗೆಯ ರೋಗನಿರೋಧಕ ಬಿಳಿ ರಕ್ತಕಣಗಳ ಪಾಲು ಮನುಷ್ಯರಲ್ಲಿರುವುದಕ್ಕಿಂತ ಬಹಳ ಹೆಚ್ಚು. ಆ ಕೋಶಗಳ ಮೇಲೆ ನಿಂತ ತೀರ್ಮಾನವನ್ನು ನೇರವಾಗಿ ಮಗುವಿಗೆ ಹೊಂದಿಸಬೇಡಿ. ಮೊದಲು ಇಲಿಯಲ್ಲಿ ಜೀನುಗಳ ಮಟ್ಟದ ಪ್ರಶ್ನೆ ಮುಗಿಸಿ, ಲಸಿಕೆ ಮತ್ತು ರೋಗಲಕ್ಷಣದ ಪ್ರಶ್ನೆಗಷ್ಟೇ ಕೆಲವು ಕರುಗಳನ್ನು ಇಟ್ಟುಕೊಳ್ಳಿ. ಸೋಂಕು ತಗುಲಿಸಿದ ಮೇಲೆ ವಾರದ ಹೊತ್ತಿಗೆ ಲಕ್ಷಣಗಳು ತೀವ್ರವಾಗುವುದರಿಂದ, ಯಾವ ಹಂತದಲ್ಲಿ ಕರುವಿಗೆ ಚಿಕಿತ್ಸೆ ಕೊಡಬೇಕು ಅಥವಾ ದಯಾಮರಣ ನೀಡಬೇಕು ಎಂಬುದನ್ನು ನೈತಿಕ ಸಮಿತಿಗೆ ಸಲ್ಲಿಸುವ ಅರ್ಜಿಯಲ್ಲೇ ಬರೆದಿರಬೇಕು.