ಅಂತರಗಂಗೆ ಕೊಳವನ್ನೆಲ್ಲ ಮುಚ್ಚಿದೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಗಾಳಿ ಗುಟುಕರಿಸುತ್ತಿವೆ

ಪ್ರಶ್ನೆ (ಜಯನಗರದಿಂದ)

ನಮ್ಮ ಹಿತ್ತಲಿನಲ್ಲಿ 8 ಅಡಿ ಉದ್ದ, 5 ಅಡಿ ಅಗಲ, ಎರಡೂವರೆ ಅಡಿ ಆಳದ ಸಿಮೆಂಟ್ ಕೊಳವಿದೆ. ಎರಡು ಕುಂಡಗಳಲ್ಲಿ ನೈದಿಲೆ ಬೆಳೆದಿದೆ. ಗಪ್ಪಿಗಳಲ್ಲದೆ ಆರು ಗೋಲ್ಡ್‌ಫಿಶ್‌ಗಳೂ ಇದ್ದವು. ಜನವರಿಯಲ್ಲಿ ನರ್ಸರಿಯೊಂದರಿಂದ ನೀರಿನ ಮೇಲೆ ತೇಲಿ ಬೆಳೆಯುವ ಅಂತರಗಂಗೆಯ ಐದೇ ಐದು ಗಿಡಗಳನ್ನು ತಂದು ಬಿಟ್ಟೆ. ಈಗ ಏಪ್ರಿಲ್ ಮೊದಲ ವಾರ; ನೀರೇ ಕಾಣದಷ್ಟು ಒತ್ತಾಗಿ ಅವು ಹಬ್ಬಿವೆ, ನೈದಿಲೆಯ ಹೊಸ ಎಲೆಗಳು ಮೇಲೆ ಬರಲು ಜಾಗ ಸಿಗದೆ ಕೆಳಗೇ ಸುರುಟಿಕೊಂಡು ಕೊಳೆಯುತ್ತಿವೆ. ಅಂತರಗಂಗೆಯ ಸಂದುಗಳಲ್ಲಿ ನಾನು ತಂದಿರದ, ರೋಮ ರೋಮವಾದ ಜೋಡಿ ಎಲೆಗಳ ಇನ್ನೊಂದು ಗಿಡವೂ ಕಾಣಿಸಿಕೊಂಡಿದೆ.

ಹೆಚ್ಚು ಕಾಡುತ್ತಿರುವುದು ಮೀನುಗಳ ಸ್ಥಿತಿ. ಬೆಳಗಿನ ಐದೂವರೆಗೆ ಹೋಗಿ ನೋಡಿದರೆ ಗಿಡಗಳ ನಡುವೆ ಅಂಗೈಯಗಲ ಉಳಿದಿರುವ ಬಯಲಿನಲ್ಲಿ ಅವೆಲ್ಲ ಬಾಯಿ ಮೇಲೆತ್ತಿ ಗಾಳಿ ಗುಟುಕರಿಸುತ್ತಿರುತ್ತವೆ. ಒಂಬತ್ತು ಗಂಟೆಯ ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ಈಜಾಡುತ್ತವೆ. ಕಳೆದ ವಾರ ಎರಡು ಗೋಲ್ಡ್‌ಫಿಶ್ ಸತ್ತವು. ಹೋದ ವರ್ಷ ಹೀಗೇ ತುಂಬಿಕೊಂಡಾಗ ಎಲ್ಲವನ್ನೂ ಒಂದೇ ದಿನ ಬಾಚಿ ತೆಗೆದಿದ್ದೆ. ಹತ್ತು ದಿನಗಳೊಳಗೆ ನೀರು ಸೊಪ್ಪು ಅರೆದಂತೆ ಹಸಿರಾಗಿ, ತಿರುಗಿ ತಳ ಕಾಣಲು ಮೂರು ತಿಂಗಳು ಹಿಡಿಯಿತು. ಆದ್ದರಿಂದ ಈ ಬಾರಿ ಕೈ ಹಾಕಲು ಹಿಂಜರಿಕೆಯಾಗುತ್ತಿದೆ. ಕಳೆನಾಶಕ ಸಿಂಪಡಿಸಬಹುದೇ?

ಉತ್ತರ (ಬಸವನಗುಡಿಯಿಂದ)

ಕಳೆನಾಶಕವನ್ನು ದಯವಿಟ್ಟು ಕೊಳದ ಹತ್ತಿರಕ್ಕೂ ತರಬೇಡಿ. ಸತ್ತ ಗಿಡ ನೀರಿನಲ್ಲೇ ಉಳಿದು ಕೊಳೆಯುತ್ತದೆ, ಕೊಳೆಯುವಾಗ ಇರುವ ಆಮ್ಲಜನಕವನ್ನೂ ಹೀರಿಕೊಳ್ಳುತ್ತದೆ. ಉಳಿದ ನಾಲ್ಕು ಮೀನುಗಳನ್ನೂ ನೀವು ಕಳೆದುಕೊಳ್ಳುತ್ತೀರಿ.

ಮೂರು ವಿಷಯಗಳನ್ನು ತಿಳಿಸಿ. ರಾತ್ರಿ ಪಂಪ್ ಓಡುತ್ತದೆಯೇ? ನೈದಿಲೆಯ ಕುಂಡಗಳಿಗೆ ಯಾವ ಗೊಬ್ಬರ ಹಾಕಿದ್ದೀರಿ, ಯಾವಾಗ? ಮೀನುಗಳಿಗೆ ದಿನಕ್ಕೆ ಎಷ್ಟು ಸಲ ಆಹಾರ ಹಾಕುತ್ತೀರಿ? ಜೊತೆಗೆ ಆ ರೋಮದ ಎಲೆಯೊಂದನ್ನು ಕಿತ್ತು ಬಿಸಿಲಿನಲ್ಲಿ ಹಿಡಿದು, ಸಾಧ್ಯವಾದರೆ ಭೂತಗನ್ನಡಿಯಲ್ಲಿ ನೋಡಿ, ರೋಮಗಳ ತುದಿ ಹೇಗಿದೆಯೆಂದು ಬರೆಯಿರಿ.

ಜಯನಗರದಿಂದ

ಸದ್ದಾಗುತ್ತದೆಂದು ಪಂಪನ್ನು ರಾತ್ರಿ ಹತ್ತಕ್ಕೆ ನಿಲ್ಲಿಸುತ್ತೇವೆ. ಫೆಬ್ರವರಿಯಲ್ಲಿ ಎರಡೂ ಕುಂಡಗಳಿಗೆ ಹಸಿ ಸಗಣಿ ಗೊಬ್ಬರ ತುಂಬಿ, ಮೇಲೆ ಒಂದೊಂದು ಹಿಡಿ ಡಿಎಪಿ ರಸಗೊಬ್ಬರ ಹಾಕಿದ್ದೆ. ಆಹಾರ ದಿನಕ್ಕೆ ಎರಡು ಸಲ. ಎಲೆಯ ಮೇಲೆ ನೀರು ಬಿಟ್ಟರೆ ಮುತ್ತಿನಂತೆ ಉರುಳಿಹೋಗುತ್ತದೆ. ಪ್ರತಿಯೊಂದು ರೋಮವೂ ತುದಿಯಲ್ಲಿ ನಾಲ್ಕಾಗಿ ಕವಲೊಡೆದು, ಆ ನಾಲ್ಕೂ ಎಳೆಗಳು ಮತ್ತೆ ಒಂದೆಡೆ ಕೂಡಿಕೊಂಡು ಪುಟ್ಟ ಪಂಜರದಂತಿವೆ.

ಉತ್ತರ (ಬಸವನಗುಡಿಯಿಂದ)

ಆ ಪಂಜರವೇ ಗುರುತು: ನಿಮ್ಮಲ್ಲಿರುವುದು ಬ್ರೆಜಿಲ್ ಮೂಲದ ಸಾಲ್ವೀನಿಯಾ ಮೊಲೆಸ್ಟಾ ಎಂಬ ತೇಲುವ ಕಳೆ. ಅದರ ಮಾತನ್ನು ಆಮೇಲೆ ನೋಡೋಣ, ಮೊದಲು ಮೀನು.

ಬೆಳಗಿನ ಜಾವ ಏದುಸಿರು, ಬಿಸಿಲೇರಿದ ಮೇಲೆ ಚೇತರಿಕೆ ಎಂದರೆ ಅದು ರೋಗದ ಲಕ್ಷಣವಲ್ಲ, ಆಮ್ಲಜನಕದ ಕೊರತೆ. ನೀರಿನ ಮೇಲೆ ಗಿಡ ದಟ್ಟವಾಗಿದ್ದರೆ ಆಮ್ಲಜನಕ ಹೆಚ್ಚುತ್ತದೆಂದು ಬಹಳ ಜನ ನಂಬಿದ್ದಾರೆ. ಆದರೆ ತೇಲುವ ಗಿಡದ ಎಲೆ ತಾನು ತಯಾರಿಸಿದ ಆಮ್ಲಜನಕವನ್ನು ಬಹುಪಾಲು ಗಾಳಿಗೇ ಬಿಡುತ್ತದೆ, ನೀರಿಗೆ ಬಿಸಿಲು ಬೀಳದಂತೆ ತಡೆಯುತ್ತದೆ, ಗಾಳಿಯಿಂದ ಆಮ್ಲಜನಕ ಕರಗಬೇಕಾದ ಮೇಲ್ಮೈಯನ್ನೂ ಮುಚ್ಚಿಬಿಡುತ್ತದೆ. ರಾತ್ರಿಯಿಡೀ ಬೇರು, ಮೀನು, ತಳದ ಕೆಸರಿನ ಬ್ಯಾಕ್ಟೀರಿಯಾ ಎಲ್ಲವೂ ಬಳಸುತ್ತಲೇ ಇರುವುದರಿಂದ ಸೂರ್ಯೋದಯಕ್ಕೆ ಮುಂಚೆ ಅದು ಅತಿ ಕೆಳಮಟ್ಟಕ್ಕೆ ಇಳಿದಿರುತ್ತದೆ. ಬೇಸಿಗೆ ಇದನ್ನು ಇನ್ನಷ್ಟು ಬಿಗಡಾಯಿಸುತ್ತದೆ: 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 30 ಡಿಗ್ರಿಯ ನೀರು ಏಳೂವರೆಯಷ್ಟನ್ನೇ ಹಿಡಿದಿಡಬಲ್ಲದು, ಮತ್ತು ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಕಾರಣ ನಮಗೆ ಅದರಲ್ಲೂ ಹತ್ತರಲ್ಲೊಂದು ಪಾಲು ಕಡಿಮೆ. ಇಂಥ ನೀರಿನಲ್ಲಿ ನೀವು ರಾತ್ರಿ ಪಂಪ್ ನಿಲ್ಲಿಸುತ್ತಿದ್ದೀರಿ. ಇಂದಿನಿಂದ ಹಗಲು ಬೇಕಾದರೆ ನಿಲ್ಲಿಸಿ, ರಾತ್ರಿ ಓಡಿಸಿ. ನೀರು ಮೇಲ್ಮೈಯನ್ನು ಕದಡುವಂತೆ ಬೀಳಲಿ.

ಗಿಡಗಳನ್ನು ಇವತ್ತು ಕಾಲು ಭಾಗ ಮಾತ್ರ ತೆಗೆಯಿರಿ, ನಾಲ್ಕೈದು ದಿನ ಬಿಟ್ಟು ಇನ್ನೊಂದು ಕಾಲು ಭಾಗ. ಕೊನೆಗೆ ಮೇಲ್ಮೈಯ ಮೂರರಲ್ಲೊಂದು ಭಾಗ ನೆರಳು ಉಳಿಯಬೇಕು, ಅದರಲ್ಲಿ ನೈದಿಲೆಯ ಎಲೆಗಳೂ ಸೇರಿದವು. ಹೋದ ವರ್ಷದ ಹಸಿರು ನೀರಿಗೆ ಕಾರಣ ಇಷ್ಟೇ: ಅಂತರಗಂಗೆ ಹೀರುತ್ತಿದ್ದ ಸಾರಜನಕ, ರಂಜಕಗಳು ನೀರಿನಲ್ಲೇ ಉಳಿದವು, ಬಿಸಿಲು ಏಕಾಏಕಿ ತಳದವರೆಗೆ ಬಿತ್ತು, ಸೂಕ್ಷ್ಮ ಪಾಚಿಗೆ ಅನ್ನವೂ ಬೆಳಕೂ ಒಟ್ಟಿಗೆ ಸಿಕ್ಕಿದವು. ಹಾಗೆ ನೋಡಿದರೆ ಅಂತರಗಂಗೆ ನಿಮಗೆ ಉಪಕಾರವನ್ನೇ ಮಾಡುತ್ತಿದೆ. ನಿಮ್ಮ ಕುಂಡಗಳಿಂದ ಸೋರುತ್ತಿರುವ ಗೊಬ್ಬರವನ್ನು ಎಲೆಯಾಗಿಸಿ ಕೈಗೆ ಕೊಡುತ್ತಿದೆ, ಅದನ್ನು ವಾರಕ್ಕೊಮ್ಮೆ ಕೊಳದಿಂದ ಹೊರಗೆ ಹಾಕುವುದಷ್ಟೇ ನಿಮ್ಮ ಪಾಲಿನ ಕೆಲಸ.

ಗೊಬ್ಬರ ನಿಲ್ಲದೆ ಇದ್ಯಾವುದೂ ನಿಲ್ಲದು. ಸುಮಾರು 2,800 ಲೀಟರಿನ ಕೊಳಕ್ಕೆ ಎರಡು ಹಿಡಿ ಡಿಎಪಿ ಬಹಳ ಹೆಚ್ಚಾಯಿತು. ಕುಂಡಗಳನ್ನು ಮೇಲೆತ್ತಿ, ಸಡಿಲವಾದ ಗೊಬ್ಬರವನ್ನು ತೆಗೆದು, ಕೆರೆಯ ಜೇಡಿಮಣ್ಣು ತುಂಬಿ, ಮೇಲೆ ಎರಡು ಬೆರಳಿನಷ್ಟು ಜಲ್ಲಿ ಹಾಸಿ. ಮೀನಿಗೆ ಸದ್ಯಕ್ಕೆ ದಿನ ಬಿಟ್ಟು ದಿನ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ ಹಾಕಿ.

ಸಾಲ್ವೀನಿಯಾವನ್ನು ಮಾತ್ರ ಒಂದೆಲೆಯೂ ಉಳಿಯದಂತೆ ತೆಗೆಯಬೇಕು. ಅದು ಬಂಜೆ ಗಿಡ, ಮೊಳೆಯುವ ಬೀಜಾಣುಗಳಿಲ್ಲ. ಆದರೆ ಮುರಿದ ತುಂಡಿನಲ್ಲಿ ಒಂದು ಗೆಣ್ಣಿದ್ದರೂ ಮತ್ತೆ ಚಿಗುರುತ್ತದೆ. ಹಿಟ್ಟಿನ ಜರಡಿ ಹಿಡಿದು ದಿನವೂ ಹತ್ತು ನಿಮಿಷ ಕುಳಿತರೆ ನಿಮ್ಮ ಅಳತೆಯ ಕೊಳದಲ್ಲಿ ಗೆಲ್ಲಬಹುದು. ಇದೇ ಬೆಂಗಳೂರಿನ ನೈದಿಲೆ ಕೊಳವೊಂದು 1983-84ರಲ್ಲಿ ಸಾಲ್ವೀನಿಯಾದಿಂದ ಮುಚ್ಚಿಹೋಗಿದ್ದಾಗ, ಆಸ್ಟ್ರೇಲಿಯಾದಿಂದ ತರಿಸಿದ ಸಿರ್ಟೊಬೇಗಸ್ ಸಾಲ್ವಿನೀ ಎಂಬ ಮೂತಿಹುಳುವನ್ನು ವಿಜ್ಞಾನಿಗಳು ಬಿಟ್ಟರು. 11 ತಿಂಗಳಲ್ಲಿ ಕಳೆ ಕುಸಿದು ನೈದಿಲೆ ಮತ್ತೆ ಮೇಲೆದ್ದಿತು. ಆ ಹುಳು ದೊಡ್ಡ ಕೆರೆಗಳಿಗೆ ತಕ್ಕದ್ದು. ಹಿತ್ತಲಿನ ಕೊಳಕ್ಕೆ ಜರಡಿಯೇ ಸರಿ.

ಹೆಬ್ಬಾಳದಿಂದ

ಒಂದು ಮಾತು ಸೇರಿಸುತ್ತೇನೆ. ಸೊಳ್ಳೆಮರಿ ತಿನ್ನುವ ಗಪ್ಪಿಗಳಿವೆಯೆಂದು ಸೊಳ್ಳೆಯ ವಿಷಯದಲ್ಲಿ ನಿಶ್ಚಿಂತರಾಗಬೇಡಿ. ಮ್ಯಾನ್ಸೋನಿಯಾ ಜಾತಿಯ ಸೊಳ್ಳೆಯ ಮರಿ ಉಸಿರಾಡಲು ನೀರಿನ ಮೇಲಕ್ಕೆ ಬರುವುದೇ ಇಲ್ಲ. ಅಂತರಗಂಗೆಯ ಬೇರನ್ನು ಚುಚ್ಚಿ, ಅದರೊಳಗಿನ ಗಾಳಿಯನ್ನೇ ಹೀರುತ್ತ ಅಲ್ಲೇ ಅಂಟಿಕೊಂಡಿರುತ್ತದೆ. ಬೇರು ದಟ್ಟವಾದಷ್ಟೂ ಮೀನಿನ ಬಾಯಿಗೆ ಅದು ಸಿಗುವುದು ಕಷ್ಟ. ಹಳೆಯ, ಉದ್ದ ಬೇರಿನ ತಾಯಿಗಿಡಗಳನ್ನು ಮೊದಲು ತೆಗೆದು ಚಿಕ್ಕ ಮರಿಗಿಡಗಳನ್ನು ಉಳಿಸಿಕೊಳ್ಳುವುದು ಲೇಸು. ತೆಗೆದ ಗಿಡವನ್ನು ಒಂದು ಬಕೆಟ್ ಕೊಳದ ನೀರಿನಲ್ಲಿ ಅಲುಗಿಸಿ. ಬೇರಿನಲ್ಲಿ ಅಡಗಿರುವ ಗಪ್ಪಿ ಮರಿಗಳು ಉದುರುತ್ತವೆ, ಅವನ್ನು ಮರಳಿ ಬಿಡಬಹುದು.

ತೆಗೆದದ್ದನ್ನು ಚರಂಡಿಗಾಗಲಿ ರಾಜಕಾಲುವೆಗಾಗಲಿ ಎಸೆಯಬೇಡಿ. ಬೆಳ್ಳಂದೂರು, ವರ್ತೂರು ಕೆರೆಗಳ ಮೇಲೆ ಹಾಸಿಕೊಂಡ ಕಳೆಯನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ತಾರಸಿಯಲ್ಲಿ ಗರಿಗರಿಯಾಗುವಂತೆ ಒಣಗಿಸಿ, ತರಗೆಲೆಯೊಂದಿಗೆ ಕಾಂಪೋಸ್ಟಿಗೆ ಹಾಕಿ.

ಜಯನಗರದಿಂದ (ಮೂರು ವಾರಗಳ ನಂತರ)

ರಾತ್ರಿ ಪಂಪ್ ಓಡಿಸಿದ ಮೂರನೆಯ ಬೆಳಗ್ಗೆಯಿಂದ ಮೀನುಗಳು ಮೇಲೆ ಬರುವುದು ನಿಂತಿತು, ನಾಲ್ಕೂ ಉಳಿದಿವೆ. ಬಕೆಟ್‌ನಲ್ಲಿ ಅಲುಗಿಸಿದಾಗ ನಲವತ್ತಕ್ಕೂ ಹೆಚ್ಚು ಗಪ್ಪಿ ಮರಿಗಳು ಸಿಕ್ಕವು. ಹಳೆಯ ನೀರಿನ ಕೊಳವೆಯ ಎರಡು ತುದಿ ಜೋಡಿಸಿ ತೇಲುವ ಬಳೆ ಮಾಡಿ, ಅಂತರಗಂಗೆಯನ್ನು ಅದರೊಳಗೇ ಕೂಡಿಟ್ಟಿದ್ದೇನೆ. ಹೊರಗೆ ನುಸುಳಿದ್ದನ್ನು ಭಾನುವಾರ ತೆಗೆಯುತ್ತೇನೆ. ನೀರು ಸ್ವಲ್ಪ ಹಸಿರು ತಿರುಗಿದೆ, ಆದರೆ ಕುಂಡದ ಅಂಚು ಇನ್ನೂ ಕಾಣುತ್ತಿದೆ. ಸಾಲ್ವೀನಿಯಾ ನಿನ್ನೆ ಎರಡು ಎಲೆ ಸಿಕ್ಕಿತು, ಇವತ್ತು ಒಂದು.